ಶನಿಯ ಜೊತೆ ಚೌಕಾಶಿ

ಜ್ಯೋತಿಷ್ಯಕ್ಕೂ ತಂತ್ರಕ್ಕೂ ಏನು ವ್ಯತ್ಯಾಸ, ಏನು ಸಂಬಂಧ ಎಂದು ತಿಳಿದುಕೊಳ್ಳಲು ನನಗೆ ತಗುಲಿದ ಖರ್ಚು ಇಷ್ಟು: ಆಚಾರ್ಯರ ದಕ್ಷಿಣೆ ಐನೂರಾ ಒಂದು ರೂಪಾಯಿ, ಎರಡು ಸಲದ ರಿಕ್ಷಾ ಬಾಡಿಗೆ, ಒಂದು ಡಜನ್ ನಿಂಬೆಹಣ್ಣು, ಒಂದು ಸ್ಟೀಲ್ ತಟ್ಟೆ, ಮತ್ತು ಪುಣೆಯ ಅಂಚಿನ ಹಿಂಜವಾಡಿಯಲ್ಲಿ ನನ್ನದಾಗಬೇಕಿದ್ದ ಒಂದು ಅಂಗಡಿ. ಮೊದಲ ನಾಲ್ಕನ್ನು ಹೇಗೋ ತಡೆದುಕೊಂಡೆ. ಐದನೆಯದು ಇನ್ನೂ ಆಗಾಗ ಚುಚ್ಚುತ್ತದೆ. ಇಷ್ಟೆಲ್ಲ ಕೊಟ್ಟು ಕಲಿತದ್ದನ್ನು ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ ಎಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ.

ನಾನು ಜಮಖಂಡಿ ಕಡೆಯವನು. ಪುಣೆಗೆ ಬಂದ ಹೊಸದರಲ್ಲಿ ಸೈಕಲ್ಲಿನ ಹಿಂದೆ ಊಟದ ಡಬ್ಬಿಗಳನ್ನು ಕಟ್ಟಿಕೊಂಡು ಓಣಿ ಓಣಿ ತಿರುಗಿ ಮಾರಿದವನು. ಈಗ ಸ್ವಂತ ಸ್ಟೀಲ್ ಪಾತ್ರೆ ಅಂಗಡಿ ಇದೆ. ಗಿರಾಕಿಗಳು ಮಲ್ಲಾಶೇಠ್ ಅನ್ನುತ್ತಾರೆ. ಈ ಮಟ್ಟಕ್ಕೆ ಬಂದದ್ದು ಒಂದೇ ಸಿದ್ಧಾಂತದ ಮೇಲೆ: ಯಾರೇ ಏನೇ ಬೆಲೆ ಹೇಳಲಿ, ಅರ್ಧದಿಂದ ಶುರು ಮಾಡಬೇಕು. ಈ ಬುದ್ಧಿ ನನಗೆ ಹಾಲುಹಲ್ಲಿನ ಜೊತೆಗೇ ಬಂದದ್ದು. ಊರ ಸಂತೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ಕೂತು, ಒಂದು ಚೀಟಿಯ ದುಡ್ಡಿಗೆ ಎರಡು ಚೀಟಿ ಎಳೆಸಿದ ಹುಡುಗ ನಾನು. ಮೊದಲನೆಯದರಲ್ಲಿ ದೂರದ ಪ್ರಯಾಣ, ಧನಲಾಭ ಎಂದಿತ್ತು. ಎರಡನೆಯದರಲ್ಲಿ ಊರು ಬಿಟ್ಟರೆ ಧನನಷ್ಟ ಎಂದಿತ್ತು. ಗಿಣಿಯವನು ಪಂಜರದ ಬಾಗಿಲು ಹಾಕುತ್ತಾ, "ಒಂದ ತಗೊಂಡಿದ್ರ ಛೊಲೋ ಇತ್ತಲೋ" ಎಂದ. ಆ ದಿನವೇ ನನಗೆ ಬುದ್ಧಿ ಬರಬೇಕಿತ್ತು.

ಈಗ ಹಿಂಜವಾಡಿಯ ವಿಷಯ. ಅಲ್ಲಿ ಹೊಸ ಕಟ್ಟಡಗಳ ಕೆಳಗೆ ಒಂದು ಮಳಿಗೆ ಸಿಗುವುದಿತ್ತು. ಸುತ್ತಲೂ ಸಾಫ್ಟ್‌ವೇರ್ ಮಕ್ಕಳು. ಮೂವರಲ್ಲಿ ಇಬ್ಬರ ಬೆನ್ನ ಚೀಲದಲ್ಲಿ ಊಟದ ಡಬ್ಬಿ. ನನ್ನ ಬಾಯಲ್ಲಿ ನೀರೂರಿತು. ಬಿಲ್ಡರ್ ತಿಂಗಳ ಕೊನೆಯವರೆಗೆ ಗಡುವು ಕೊಟ್ಟ. ಬ್ಯಾಂಕಿನವರು ಸಾಲಕ್ಕೆ ಮನೆಯ ಕಾಗದ ಕೇಳಿದರು. ಮನೆ ಇರುವುದು ನನ್ನ ಹೆಂಡತಿ ಶಾಂತಾಳ ಹೆಸರಿನಲ್ಲಿ. ಹೆಣ್ಣುಮಕ್ಕಳ ಹೆಸರಿಗೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ರಿಯಾಯಿತಿ ಎಂದು ನಾನೇ ಹಾಗೆ ಮಾಡಿದ್ದೆ, ಮಾಡಿ ನಾಲ್ಕು ಜನರ ಮುಂದೆ ಹೇಳಿಕೊಂಡೂ ತಿರುಗಿದ್ದೆ. ಅಂದಿನ ಆ ಜಾಣತನ ಇಂದು ನನ್ನ ಕೊರಳಿಗೇ ಬಂತು. ಕಾಗದ ಮುಂದಿಟ್ಟರೆ ಶಾಂತಾ ಪೆನ್ನು ಮುಟ್ಟಲಿಲ್ಲ. "ಆಚಾರ್ಯರನ್ನ ಒಮ್ಮೆ ಕೇಳಿ ಬರ್ರಿ. ಅವರು ಹೂಂ ಅಂದ್ರ ನೋಡೂಣು" ಎಂದಳು.

ಆಚಾರ್ಯರೆಂದರೆ ವಾಮನಾಚಾರ್ಯರು, ನಮ್ಮ ಕಡೆಯವರೇ, ಸ್ವಾರಗೇಟ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುತ್ತಾರೆ. ಊರಿನಿಂದ ಬಸ್ಸಿಳಿದವರು ಚೀಲ ಸಮೇತ ಅವರ ಮನೆಗೇ ಬರುತ್ತಾರೆ. ಅವರು ಶಾಂತಾಳ ಜಾತಕ ತೆಗೆದು, ಬೆರಳು ಮಡಚಿ, ಕಂಪ್ಯೂಟರಿನಲ್ಲೂ ಒಮ್ಮೆ ತಾಳೆ ನೋಡಿ, "ಮೇಷ ರಾಶಿ. ಶನಿ ಸಾಡೇಸಾತಿ ಈಗ ಶುರು ಆಗ್ಯದ. ಮನಿ ಒತ್ತಿ ಇಟ್ಟು ಸಾಲಾ ಮಾಡೂ ಕಾಲ ಅಲ್ಲರಿ ಇದು" ಎಂದರು. "ಎಷ್ಟು ದಿವಸ್ರಿ?" ಎಂದೆ. ಏಳೂವರೆ ವರ್ಷವಂತೆ! ನನ್ನ ಕೈಯಲ್ಲಿ ಇದ್ದದ್ದು ಹನ್ನೊಂದು ದಿನ. "ಕಂತಿನ ಮ್ಯಾಲ ಏಳೂವರೆ ವರ್ಷ ಆತ್ರಿ. ಒಮ್ಮೆಲೇ ತೀರಿಸೂ ಪದ್ಧತಿ ಇಲ್ಲೇನ್ರಿ?" ಎಂದು ಕೇಳಿದೆ. ಆಚಾರ್ಯರು ಕನ್ನಡಕದ ಮೇಲಿಂದ ನೋಡಿದರು. "ಶನಿಗೆ ಜಪ ಅದ. ಇಪ್ಪತ್ಮೂರು ಸಾವಿರ." ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಭಾಳ ಆತ್ರಿ. ಹನ್ನೆರಡು ಮಾಡ್ರಿ, ಈಗಲೇ ಮುಗಿಸಿಬಿಡೂಣು." ಆಚಾರ್ಯರಿಗೆ ನಗು ತಡೆಯಲಾಗಲಿಲ್ಲ. "ಅಲ್ರೀ ಮಲ್ಲಪ್ಪ, ಅದು ಜಪದ ಎಣಿಕಿ, ರೊಕ್ಕ ಅಲ್ಲ. ಜಪ ಮಾಡಾವರು ನೀವು. ಅದಕ್ಕ ನನಗ ಒಂದು ಪೈಸಾ ಕೊಡೂದಿಲ್ಲ. ಯಾರ ಜೋಡಿ ಚೌಕಾಶಿ ನಡಿಸೀರಿ?" ಪುಕ್ಕಟೆ ಸಿಗುವ ವಸ್ತುವನ್ನೂ ಅರ್ಧ ಬೆಲೆಗೆ ಕೇಳಿದ ವ್ಯಾಪಾರಿ ಈ ಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ಆದರೂ ಬಿಡಲಿಲ್ಲ. ನೀವೇ ಏನಾದರೂ ಮಾಡಿ ಶನಿಯನ್ನು ಆಚೆ ಸರಿಸಿ ಎಂದೆ. "ನಾನು ಸ್ವಾರಗೇಟ್ ಸ್ಟ್ಯಾಂಡಿನ ವಿಚಾರಣಾ ಖಿಡಕಿ ಇದ್ದಂಗ್ರಿ" ಎಂದರು ಆಚಾರ್ಯರು. "ಯಾವ ಬಸ್ಸು ಯಾವಾಗ ಬರ್ತದ, ಎಷ್ಟು ತಡಾ ಅದ, ಇಷ್ಟು ಹೇಳತೀನಿ. ಬಸ್ ಓಡ್ಸಾಂವ ನಾ ಅಲ್ಲ." ಹಾಗಾದರೆ ಓಡಿಸುವವರು ಯಾರು? ಮಂತ್ರ, ಯಂತ್ರ, ಅನುಷ್ಠಾನ ಇದೆಲ್ಲ ತಂತ್ರಶಾಸ್ತ್ರದವರ ದಾರಿ, ಅದು ಗುರುವಿನಿಂದ ಬರುವಂಥದ್ದು ಎಂದು ಹೇಳಿ, ಗಿರಿಜಾ ಮಾವಶಿಯ ವಿಳಾಸ ಬರೆದುಕೊಟ್ಟರು. ಮಾವಶಿ ಎಂದರೆ ಚಿಕ್ಕಮ್ಮ, ಎಲ್ಲರೂ ಕರೆಯುವುದು ಹಾಗೆಯೇ. ಧಾರವಾಡ ಕಡೆಯವರು, ದೇವಿಯ ಉಪಾಸಕಿ, ನಲವತ್ತು ವರ್ಷದ ಸಾಧನೆ. ನಾನು ಚಪ್ಪಲಿ ಮೆಟ್ಟುವಾಗ ಆಚಾರ್ಯರು ಕೂಗಿ ಹೇಳಿದರು: "ಅಕಿ ಜೋಡಿ ಚೌಕಾಶಿ ಮಾಡಬ್ಯಾಡ್ರಿ!"

ತಾಂತ್ರಿಕರ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ಟೀವಿಯದು. ಬೂದಿ, ತಲೆಬುರುಡೆ, ಕೆಂಪು ಕಣ್ಣು, ಮತ್ತು ದುಬಾರಿ ಸಾಮಾನಿನ ಪಟ್ಟಿ. ಈ ಕೊನೆಯದಕ್ಕೆ ನನ್ನಲ್ಲಿ ಔಷಧಿ ಇತ್ತು: ಸಾಮಾನು ನಾವೇ ಒಯ್ಯಬೇಕು. ಸಗಟು ಮಾರುಕಟ್ಟೆಯಲ್ಲಿ ಒಂದು ಡಜನ್ ನಿಂಬೆಹಣ್ಣು ತಂದೆ. ಇನ್ನು ಯಂತ್ರ. ಶನಿ ಯಂತ್ರವೆಂದರೆ ಒಂಬತ್ತು ಮನೆಯಲ್ಲಿ ಒಂಬತ್ತು ಅಂಕಿ, ಹೇಗೆ ಕೂಡಿಸಿದರೂ ಮೂವತ್ತಮೂರು. ಮೊಬೈಲಿನಲ್ಲಿ ಅದರ ಚಿತ್ರ ಸಿಕ್ಕಿತು, ಬೆಲೆಯೂ ಸಿಕ್ಕಿತು. ಬೆಲೆ ನೋಡಿ ನಕ್ಕೆ. ಪಾತ್ರೆ ಮಾರುವವನಿಗೇ ತಗಡು ಮಾರುತ್ತಾರೆ! ಶನಿಗೆ ಪ್ರಿಯವಾದ ಲೋಹ ಕಬ್ಬಿಣ. ಸ್ಟೀಲ್ ಎಂದರೆ ಜಂಗು ಹಿಡಿಯದ ಕಬ್ಬಿಣ. ಋಷಿಮುನಿಗಳ ಕಾಲಕ್ಕೆ ಸಿಗದ ಸೌಲಭ್ಯ ನನ್ನ ಅಂಗಡಿಯಲ್ಲಿದೆ ಎಂದುಕೊಂಡು ಒಂದು ತಿಂಡಿತಟ್ಟೆ ತೆಗೆದೆ. ನಮ್ಮಲ್ಲಿ ಮದುವೆ ಮುಂಜಿವೆಯ ಉಡುಗೊರೆ ಪಾತ್ರೆಗಳ ಮೇಲೆ ಹೆಸರು ಕೊರೆಯಲು ಬಾಬೂರಾವ್ ಎಂಬ ಹಿರಿಯರಿದ್ದಾರೆ. ಮರಾಠಿಯವರು, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಚಿತ್ರ ತೋರಿಸಿ ತಟ್ಟೆ ಕೊಟ್ಟೆ. ಅವರು ಕೊರೆದು, ಕಾಗದ ಸುತ್ತಿ, ರಬ್ಬರ್ ಹಾಕಿ ಕೊಟ್ಟರು. ಗಿರಾಕಿಗಳ ಗದ್ದಲದಲ್ಲಿ ನಾನು ಬಿಚ್ಚಿ ನೋಡಲಿಲ್ಲ.

ಮಾವಶಿಯ ಮನೆ ಹಳೆಯ ಪೇಠೆಯಲ್ಲಿ ವಠಾರದಂಥ ಒಂದು ವಾಡೆಯ ಎರಡನೆಯ ಮಹಡಿ. ಬುರುಡೆ ಇರಲಿಲ್ಲ. ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮುದುಕಿಯೊಬ್ಬರು ಕೂತು ಮೆಂತೆಸೊಪ್ಪು ಸೋಸುತ್ತಿದ್ದರು, ಅವರೇ ಮಾವಶಿ. ನಿಂಬೆಹಣ್ಣು ಸುರಿದೆ. "ಇಷ್ಟ್ಯಾಕೋ ತಮ್ಮಾ, ಉಪ್ಪಿನಕಾಯಿ ಹಾಕಬೇಕೇನು?" ಎಂದರು. ತಟ್ಟೆ ಕೊಟ್ಟು, ಕಬ್ಬಿಣ-ಸ್ಟೀಲಿನ ನನ್ನ ಸಂಶೋಧನೆ ವಿವರಿಸಿದೆ. ಅವರು ಕಾಗದ ಬಿಚ್ಚಿ, ಕನ್ನಡಕ ಹಾಕಿಕೊಂಡು, ಅಂಕಿಗಳನ್ನು ಒಂದೊಂದಾಗಿ ನೋಡಿ, ಅದರ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು: "ಸಪ್ರೇಮ ಭೇಟ್!"

ಪ್ರೀತಿಪೂರ್ವಕ ಉಡುಗೊರೆ ಎಂದು ಅದರ ಅರ್ಥ. ಬಾಬೂರಾವ್ ಇಪ್ಪತ್ತು ವರ್ಷದಿಂದ ಪ್ರತಿ ಪಾತ್ರೆಯ ಕೊನೆಗೆ ಅದನ್ನೇ ಕೊರೆದವರು, ಇದಕ್ಕೂ ಕೊರೆದುಬಿಟ್ಟಿದ್ದರು. ಅದರ ಕೆಳಗೆ ನನ್ನ ಹೆಸರು.

"ಯಾರು ಯಾರಿಗೆ ಕೊಟ್ಟದ್ದೋ ಇದು?" ಎಂದರು ಮಾವಶಿ. "ನೀ ಶನಿಗೋ, ಶನಿ ನಿನಗೋ?" ಎಂದು ನಗತೊಡಗಿದರೆ ಮೊರದಲ್ಲಿದ್ದ ಮೆಂತೆಸೊಪ್ಪೆಲ್ಲ ನೆಲಕ್ಕೆ ಬಿತ್ತು. ನಾನು ಆರಿಸಿಕೊಡುತ್ತಾ, ಶಾಂತಾಳ ಸಹಿಯಿಂದ ಆಚಾರ್ಯರ ಬಸ್ಸಿನವರೆಗೆ ಎಲ್ಲ ಹೇಳುತ್ತಾ ಕೂತೆ. ಆರಿಸುವಾಗಲೇ ನನ್ನ ಪಾಠ ನಡೆಯಿತು. "ಆಚಾರ್ಯರದು ಲೆಕ್ಕದ ವಿದ್ಯಾ, ನಮ್ಮದು ಸಾಧನಾ. ಬಸ್ ತಡಾ ಅದ ಅಂತ ಅವರು ಹೇಳ್ಯಾರ. ನೀ ಇಲ್ಲಿಗೆ ಬಂದು, ಮಾವಶಿ, ಬಸ್ ದಬ್ಬು ಅಂತಿ. ಬಸ್ ದಬ್ಬೂದು ನಮ್ಮ ಕೆಲಸ ಅಲ್ಲೋ. ನಿಂತಾಂವನ ಕಾಲು ಗಟ್ಟಿ ಮಾಡೂದು ನಮ್ಮ ಕೆಲಸ." ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ ಎಂದೆ. "ಇಲ್ದೇನು? ಹೊಸಾ ಅನುಷ್ಠಾನ ಹಿಡಿಯೂ ಮುಂದ ನಾನೂ ಆಚಾರ್ಯರಿಗೇ ಫೋನ್ ಹಚ್ಚತೀನಿ, ತಿಥಿ ನೋಡ್ರಿ ಅಂತ. ಅವರು ಗ್ರಹಕ್ಕ ಯಂತ್ರ ಹೇಳೂ ಮುಂದ ನಮ್ಮ ಕಡೆಯಿಂದ ತಗೋತಾರ. ಆದ್ರ ಯಂತ್ರ ಕೊರದ ಕೂಡ್ಲೆ ಯಂತ್ರ ಆಗೂದಿಲ್ಲ. ಅದರ ಮುಂದ ದಿನಾ ಕೂಡಬೇಕು. ಇಲ್ಲಂದ್ರ ಅದು ಬರೇ ತಿಂಡಿ ತಟ್ಟಿ."

ನನ್ನ ವ್ಯಾಪಾರದ ಬುದ್ಧಿಗೆ ಅದು ಹೀಗೆ ತಿಳಿಯಿತು: ಜ್ಯೋತಿಷ್ಯ ತಕ್ಕಡಿ, ಭಾರ ಎಷ್ಟಿದೆ ಎಂದು ಹೇಳುತ್ತದೆ, ತಂತ್ರ ಆ ಭಾರ ಹೊರುವ ಹೆಗಲಿನ ಕಸರತ್ತು. ದುಡ್ಡು ಕೊಡು, ಭಾರವನ್ನೇ ಕಮ್ಮಿ ಮಾಡುತ್ತೇನೆ ಅನ್ನುವವನು ತಕ್ಕಡಿಗೆ ಬೆರಳು ಒತ್ತುವವನು. ಅಂಥವರನ್ನು ಪೇಟೆಯಲ್ಲಿ ಸಾಕಷ್ಟು ನೋಡಿದ್ದೇನೆ.

ಮಂತ್ರ ಕೊಡಿ, ನಾನೂ ಕೂರುತ್ತೇನೆ ಎಂದೆ. "ಮೊದಲ ಪರೀಕ್ಷಾ" ಎಂದರು ಮಾವಶಿ. "ಇವತ್ತು ಮನಿಗೆ ಹೋಗಿ ಶಾಂತಾನ ಮುಂದ ಅರ್ಧಾ ತಾಸು ಕೂಡು. ಬಾಯಿ ತಗೀಬ್ಯಾಡ. ಅಷ್ಟು ಆಗದಾಂವಗ ಜಪ ಎಲ್ಲಿಂದ ಆಗ್ತದ?" "ಅರ್ಧಾ ತಾಸು ಭಾಳ ಆತ್ರಿ ಮಾವಶಿ, ಹತ್ತು ನಿಮಿಷ ಮಾಡ್ರಿ" ಎಂದೆ. "ನಲವತ್ತು" ಎಂದರು. ಇನ್ನೊಂದು ಮಾತಾಡಿದರೆ ಐವತ್ತಾಗುತ್ತದೆಂದು ಹೆದರಿ ಎದ್ದು ಬಂದೆ.

ಮನೆಯಲ್ಲಿ ಶಾಂತಾ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯಲ್ಲಿ ಎದುರಿಗೆ ಕೂತೆ. ಎರಡು ನಿಮಿಷಕ್ಕೇ ಅವಳ ಕೈ ನಿಂತಿತು. "ಏನಾತ್ರಿ? ಗಿರಾಕಿ ಜೋಡಿ ಜಗಳಾ ಆತೇನು?" ತಲೆ ಅಲ್ಲಾಡಿಸಿದೆ. "ಎದಿ ನೋಯಾಕತ್ತದೇನು?" ಅದಕ್ಕೂ ಅಲ್ಲಾಡಿಸಿದೆ. "ತಂಬಾಕು ಹಾಕ್ಕೊಂಡೀರೇನು ಬಾಯಾಗ? ತೋರಸ್ರಿ!" ಆ ಎಂದು ತೋರಿಸಿದೆ. ಅವಳು ಒಲೆ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಎದುರು ಕೂತಳು. ನಾನು ಮಾತಾಡದೆ ಅಷ್ಟು ಹೊತ್ತು ಅವಳ ಎದುರಿಗೆ ಕೂತದ್ದು ಅದೇ ಮೊದಲಿರಬೇಕು. ಖಾಲಿ ಬಿದ್ದ ಜಾಗಕ್ಕೆ ಅವಳ ಮಾತು ಬರತೊಡಗಿತು.

"ಸಹಿ ಸಲುವಾಗಿ ಇದೊಂದು ಹೊಸಾ ನಾಟಕ, ಗೊತ್ತಾತು ಬಿಡ್ರಿ. ನನಗ ಸಾಡೇಸಾತಿ ಅದ ಅನ್ನೂದು ಮೊದಲ ಗೊತ್ತಿತ್ತು. ನಾ ಬ್ಯಾಡ ಅಂದ್ರ ನೀವು ಕೇಳೂದಿಲ್ಲ, ಶನಿ ಬ್ಯಾಡ ಅಂದ್ರರ ಕೇಳ್ತೀರಿ ಅಂತ ಆಚಾರ್ಯರ ಕಡೆ ಕಳಸಿದೆ. ನೀವು ಶನಿಗೂ ಬಿಡಲಿಲ್ಲ. ಲಗ್ನಾಗಿ ಇಪ್ಪತ್ತೆಂಟು ವರ್ಷ ಆತು. ಊರ ಮಂದಿಗೆಲ್ಲಾ ಬಿಸಿ ಉಳಿಯೂ ಡಬ್ಬಿ ಮಾರ್ತೀರಿ. ಹಂಚಿನಿಂದ ಇಳಿಸಿದ ರೊಟ್ಟಿ ಮಧ್ಯಾಹ್ನ ಒಂದ ದಿವಸರ ಮನ್ಯಾಗ ಉಂಡೀರೇನು? ಈ ಪುಣೆದಾಗ ಅಂಗಡಿಯವರೆಲ್ಲಾ ಒಂದರಿಂದ ನಾಲ್ಕು ಬಾಗಲಾ ಹಾಕ್ಕೊಂಡು ಹೋಗಿ ಮಲಗ್ತಾರ. ಅವರ ಗಿರಾಕಿ ಹಿಡಿಯಾಕ ನೀವು ತೆರಕೊಂಡು ಕೂಡ್ತೀರಿ. ಇನ್ನ ಹಿಂಜವಾಡಿ ಟ್ರಾಫಿಕ್‌ನ್ಯಾಗ ಸಿಕ್ಕರ ನನಗ ನೀವು ಫೋಟೋದಾಗ ಕಾಣಬೇಕು. ಶನಿ ಇದ್ರೂ ಸಹಿ ಮಾಡಂಗಿಲ್ಲ, ಇಲ್ಲದಿದ್ರೂ ಮಾಡಂಗಿಲ್ಲ."

ಇಪ್ಪತ್ತೈದನೆಯ ನಿಮಿಷದಲ್ಲಿ ನನ್ನ ವ್ರತ ಮುರಿಯಿತು. "ವಾರಕ್ಕ ಎರಡು ದಿನ ಊಟಕ್ಕ ಬಂದ್ರ?" ಎಂದೆ. "ಏಳು" ಎಂದಳು. "ಮೂರು?" "ಏಳು." "ಐದಕ್ಕ ಮುಗಿಸೂಣು?" ಅವಳು ಎದ್ದು ಒಲೆ ದೊಡ್ಡದು ಮಾಡಿ ರೊಟ್ಟಿ ಬಡಿಯತೊಡಗಿದಳು. ಜಗತ್ತಿನಲ್ಲಿ ಎಲ್ಲದರ ಬೆಲೆಯೂ ಇಳಿಯುತ್ತದೆ ಎಂಬ ನನ್ನ ಸಿದ್ಧಾಂತ ನನ್ನ ಅಡುಗೆಮನೆಯಲ್ಲೇ ಬಿದ್ದುಹೋಯಿತು. ಹಿಂಜವಾಡಿಯ ಆ ಮಳಿಗೆಯಲ್ಲಿ ಈಗ ಯಾರೋ ಹಣ್ಣಿನ ರಸ ಮಾರುತ್ತಾರೆ, ಜನ ಸಾಲು ನಿಲ್ಲುತ್ತಾರಂತೆ. ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ಪರೀಕ್ಷೆಯಲ್ಲಿ ನಪಾಸಾದೆ ಎಂದು ಮಾವಶಿಗೆ ಹೇಳಿದರೆ, "ದಿನಾ ಕೂಡು, ಬರ್ತದ" ಎಂದರು.

ಆದ್ದರಿಂದ ಓದುಗರೇ, ನನ್ನ ಸಲಹೆ ಕೇಳಿ. ಜ್ಯೋತಿಷಿಯ ಹತ್ತಿರ ಹೋದರೆ ಕಾಲ ಕೇಳಿ ಬನ್ನಿ, ಕಾಲವನ್ನು ತಿದ್ದಿಸಲು ನಿಲ್ಲಬೇಡಿ. ದಿನಾ ಒಂದು ಕಡೆ ಕೂರುವ ತಾಕತ್ತಿದ್ದರೆ ಮಾತ್ರ ತಂತ್ರದವರ ಮೆಟ್ಟಿಲು ಹತ್ತಿ. ಗ್ರಹ ಸರಿಸಲು ದರಪಟ್ಟಿ ತೋರಿಸುವವನು ಸಿಕ್ಕರೆ ಅಲ್ಲಿಂದಲೇ ಇಳಿದುಬಿಡಿ. ಜ್ಯೋತಿಷಿ, ತಾಂತ್ರಿಕ ಇಬ್ಬರಲ್ಲಿ ಯಾರ ಹತ್ತಿರ ಹೋಗುವ ಮೊದಲೂ, ಸಹಿ ಯಾರದು ಬೇಕೋ ಅವರನ್ನೇ ಒಂದು ಮಾತು ಕೇಳಿ. ಅದಕ್ಕೆ ರಿಕ್ಷಾ ಬೇಕಾಗುವುದಿಲ್ಲ. ಪಾತ್ರೆ ಬೇಕಿದ್ದರೆ ನಮ್ಮ ಅಂಗಡಿಗೆ ಮಧ್ಯಾಹ್ನ ಒಂದರೊಳಗೆ ಬನ್ನಿ, ಇಲ್ಲವೇ ನಾಲ್ಕರ ಮೇಲೆ. ನಡುವೆ ಬಂದು ಶಟರ್ ಬಡಿದು ಪ್ರಯೋಜನವಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿ, ಶಾಂತಾಳ ಎದುರಿಗೆ, ತುತ್ತಿಗಷ್ಟೇ ಬಾಯಿ ತೆರೆಯುತ್ತಾ ಕೂತಿರುತ್ತೇನೆ.