ದೇವರ ಮನೆಗೆ ದುಂಡಗಿನ ಅಕ್ಷರ

ಪೂಜೆಯ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿರುವಾಗ ಫೋನ್ ಬಂದರೆ ನಾನು ಎತ್ತುವವಳಲ್ಲ. ಕೈ ಕರ್ರಗಾಗಿದ್ದರೂ ಮನಸ್ಸು ಆ ಒಂದು ಗಳಿಗೆ ಬೆಳ್ಳಗಿರುತ್ತದೆ. ಅದನ್ನು ಕೆಡಿಸಿಕೊಳ್ಳಲು ಇಷ್ಟವಿಲ್ಲ. ಆದರೆ ಆವತ್ತು ನಮ್ಮ ಯಜಮಾನರ ಫೋನು ಬೆಳಗ್ಗೆ ಎಂಟಕ್ಕೇ ಮೂರು ಸಲ ಬಡಿದುಕೊಂಡಿತು. ಅವರು ಸ್ನಾನಕ್ಕೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ಪರದೆಯನ್ನು ಮೂಗಿನ ತುದಿಯಿಂದ ಒತ್ತಿದೆ. ನಗಬೇಡಿ, ನೀವೂ ಒತ್ತಿರುತ್ತೀರಿ. ಅಬ್ಬಿಗೆರೆಯ ಮುನಿರಾಜು ಮಾತಾಡುತ್ತಿದ್ದರು. ಒಂಬತ್ತೂಕಾಲಿಂದ ಹತ್ತರೊಳಗೆ ಅವರ ಹೊಸ ಮನೆಗೆ ಭೂಮಿಪೂಜೆ. ಆ ಮನೆಯ ಪ್ಲಾನ್ ಬರೆದವರು ನಮ್ಮವರು.

"ಮೇಡಂ, ಸಾರ್ ಇಲ್ವಾ? ಪ್ಲಾನಲ್ಲಿ ದೇವ್ರ ಮನೆ ಇರೋ ಜಾಗದಲ್ಲಿ ಬರೀ ಕ್ವೆಶ್ಚನ್ ಮಾರ್ಕ್ ಬಂದೈತೆ! ನಮ್ಮವ್ವ ಪೂಜೆಗೆ ಕೂರಲ್ಲ ಅಂತ ಹಟ ಹಿಡ್ದೈತೆ."

ಹಿಂದಿನಿಂದ ಅವರ ತಾಯಿ ಗಂಗಮ್ಮಜ್ಜಿಯ ದನಿ ಕೇಳಿಸಿತು: "ಅಡುಗೆ ಮನೆ ಐತೆ, ಬಚ್ಚಲು ಐತೆ, ಕಾರ್ ನಿಲ್ಸಾಕೂ ಜಾಗ ಐತೆ. ದೇವ್ರಿರೋ ತಾವ್ಲೇ ಅವ್ನು ಅವ್ನೋ ಇಲ್ವೋ ಅಂತ ನನ್ನೇ ಕೇಳ್ತಾ ಐತಲ್ಲೋ ಈ ಕಾಗ್ದ! ಇಂಗೆ ಕೇಳೋ ಮನೇಗೆ ನಾ ಗುದ್ಲಿ ಮುಟ್ಟಾಕಿಲ್ಲ!"

ಅಜ್ಜಿಯ ಮಾತಿನಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ತಪ್ಪು ಕಂಡಿದ್ದು ನನ್ನಲ್ಲೇ.

ನಮ್ಮವರು ಯಶವಂತಪುರದ ಒಂದು ಕಚೇರಿಯಲ್ಲಿ ವರ್ಷಗಟ್ಟಲೆ ಕಟ್ಟಡಗಳ ನಕ್ಷೆ ಬರೆದವರು. ಕಚೇರಿ ಮುಚ್ಚಿದ ಮೇಲೆ ಸಹಕಾರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಾರೆ. ಸ್ವಂತ ಹೆಸರಲ್ಲಿ ಬರೆದ ಮೊದಲ ಮನೆ ಇದು. ಇದು ಚೆನ್ನಾಗಾದರೆ ಮುನಿರಾಜು ಅವರ ಇಬ್ಬರು ದಾಯಾದಿಗಳ ಮನೆಯೂ ಇವರಿಗೇ ಬರುವುದಿತ್ತು. ಕೆಟ್ಟರೆ, ಅಷ್ಟೂ ಊರಿಗೆ ಇವರು ದೇವರನ್ನು ಪ್ರಶ್ನೆ ಮಾಡಿದ ಮನುಷ್ಯ. ಅಜ್ಜಿ ನಾಲ್ಕನೇ ಕ್ಲಾಸು ಓದಿದವರು; ಎಲ್ಲ ಕೋಣೆಗಳ ಹೆಸರೂ ಕನ್ನಡದಲ್ಲೇ ಇರಲಿ, ನಾನೇ ಓದಿ ಒಪ್ಪಬೇಕು ಎಂದಿದ್ದರು. ಇವರು ಹಾಗೇ ಬರೆದೂ ಮುಗಿಸಿದ್ದರು.

ಹಿಂದಿನ ದಿನ ಮಧ್ಯಾಹ್ನ ನಾನು ಕಾಫಿ ತೆಗೆದುಕೊಂಡು ಹೋದೆ. ಹೋದವಳು ಲೋಟ ಇಟ್ಟು ಬರಬೇಕಿತ್ತು. ಕಂಪ್ಯೂಟರಿನಲ್ಲಿ ಇಣುಕಿ, "ಇದೇನ್ರೀ, ದೇವರ ಮನೆ ಅನ್ನೋ ಅಕ್ಷರ ಏಕಾದಶಿ ಉಪವಾಸ ಮಾಡಿದ ಹಾಗಿದೆ? ಲಗ್ನಪತ್ರಿಕೆಯಲ್ಲಿರುತ್ತಲ್ಲ, ಆ ಥರ ದುಂಡಗೆ ಇರಲಿ" ಎಂದೆ. ಅವರು, "ಅದು ಬೇರೆ ಫಾಂಟು ಕಣೆ, ತಂದು ಹಾಕ್ಬೇಕು" ಎಂದರು. "ಹಾಕಿ, ದೇವರ ಕೆಲಸ" ಎಂದೆ. ದೇವರ ಕೆಲಸ ಎಂದ ಮೇಲೆ ನಮ್ಮವರು ಎದುರಾಡುವುದಿಲ್ಲ. ಮದುವೆಯಾದಾಗಿನಿಂದ ನಾನು ಆ ಮಾತನ್ನು ಸ್ವಲ್ಪ ಧಾರಾಳವಾಗಿಯೇ ಬಳಸಿದ್ದೇನೆ, ಒಪ್ಪುತ್ತೇನೆ. ಹೊಸ ಫಾಂಟು ಬಂತು. ಆ ಸಾಫ್ಟ್‌ವೇರಿನಲ್ಲಿ ಅಕ್ಷರದ ಎತ್ತರ ಬೇರೆ, ಅಗಲ ಬೇರೆ, ಎಷ್ಟು ವಾಲಬೇಕು ಅನ್ನುವುದಕ್ಕೂ ಬೇರೆ ಲೆಕ್ಕವಂತೆ. ನಾನು ಸೀರೆ ಅಂಗಡಿಯಲ್ಲಿ ನಿಂತ ಹಾಗೆ ಹಿಂದೆ ನಿಂತು, "ಇನ್ನೊಂಚೂರು ಅಗಲ... ಅಯ್ಯೋ ಜಾಸ್ತಿಯಾಯ್ತು... ವಾಲಿಸ್ಬೇಡಿ ರೀ, ದೇವರು ವಾಲಬಾರದು" ಎಂದು ಸಂಜೆಯವರೆಗೂ ಕಳೆದೆ. ಕೊನೆಗೆ ಏಳೂಮುಕ್ಕಾಲಿಗೆ ಮುನಿರಾಜು, "ಸಾರ್, ಪ್ರಿಂಟ್ ಅಂಗಡಿ ಮುಚ್ತಾರೆ, ಬೇಗ ಕಳ್ಸಿ" ಎಂದಾಗ ಇವರು ಅವಸರದಲ್ಲಿ, ಬರೆದಿದ್ದ ಫೈಲನ್ನು ಹಾಗೇ ಕಳಿಸಿಬಿಟ್ಟರು.

ಸ್ನಾನ ಮುಗಿಸಿ ಬಂದವರಿಗೆ ವಿಷಯ ಹೇಳಿದೆ. ತಲೆ ಒರೆಸುತ್ತಿದ್ದ ಟವೆಲು ಹಾಗೇ ನಿಂತಿತು. ಫೈಲು ಕಳಿಸಿದರೆ ಅದರ ಜೊತೆ ಅಕ್ಷರ ಹೋಗುವುದಿಲ್ಲವಂತೆ, ಅಕ್ಷರದ ಹೆಸರು ಮಾತ್ರ ಹೋಗುತ್ತದಂತೆ. ಬೇರೆ ಕೋಣೆಗಳ ಫಾಂಟು ಅಂಗಡಿಯವರಲ್ಲೂ ಇತ್ತು. ನನ್ನ ದುಂಡಕ್ಷರ ಇರಲಿಲ್ಲ. ಅಲ್ಲಿಯ ಕಂಪ್ಯೂಟರು, ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲವಲ್ಲ ಎಂದು ಸಾಲಾಗಿ ಪ್ರಶ್ನೆ ಹಾಕಿ ಕೂತಿದೆ.

"ಪಿಡಿಎಫ್ ಮಾಡಿ ಕಳ್ಸಿದ್ರೆ ಅಕ್ಷರಾನೂ ಜೊತೆಗೇ ಹೋಗ್ತಿತ್ತು, ಏನೂ ಆಗ್ತಿರ್ಲಿಲ್ಲ," ಎಂದರು. ಯಾರಿಂದ ಮರೆತೆ ಎಂದು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು.

ಪ್ರಿಂಟ್ ಅಂಗಡಿ ತೆಗೆಯುವುದು ಹತ್ತೂವರೆಗೆ. ಅಷ್ಟು ದೊಡ್ಡ ಹಾಳೆ ನಮ್ಮ ಮನೆಯ ಪ್ರಿಂಟರಿಗೆ ಹಿಡಿಸುವುದಿಲ್ಲ. "ಪೂರ್ತಿ ಯಾಕೆ? ಆ ಎರಡು ಪದ ಮಾತ್ರ ಪ್ರಿಂಟ್ ಹಾಕಿ, ಅಂಟಿಸೋಣ" ಎಂದೆ. ಅವರ ಮುಖ ಅರಳಿತು. ಅಲ್ಲಿಗೇ ಸುಮ್ಮನಿರದೆ, "ಸ್ವಲ್ಪ ದಪ್ಪಗಿರಲಿ, ಅಜ್ಜಿಗೆ ಕಣ್ಣು ಮಂಜು" ಎಂದೂ ಸೇರಿಸಿದೆ. ಗೋಂದು ಒಣಗಿ ಕಲ್ಲಾಗಿತ್ತು. ಕುಕ್ಕರಿನಿಂದ ಬಿಸಿ ಅನ್ನ ಒಂದು ಡಬ್ಬಿಗೆ ಹಾಕಿಕೊಂಡು ಸ್ಕೂಟರಿನ ಹಿಂದೆ ಕೂತೆ. ಜಾಲಹಳ್ಳಿ ಕಡೆಯಿಂದ ಹೋದೆವು. ಎರಡು ಸಿಗ್ನಲ್ಲೂ ಹಸಿರು. ಇದಕ್ಕೆಲ್ಲ ಯಾರೂ ದೇವರಿಗೆ ಥ್ಯಾಂಕ್ಸ್ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಸೈಟಿನಲ್ಲಿ ಪುರೋಹಿತರು ಗಡಿಯಾರ ನೋಡುತ್ತಿದ್ದರು. ಗಂಗಮ್ಮಜ್ಜಿ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ನಾನು ಅನ್ನದ ಅಗುಳು ತಿಕ್ಕಿ, ಚೀಟಿ ಅಂಟಿಸಿ, ಹಾಳೆಯನ್ನು ಅವರ ಮುಂದೆ ಹಿಡಿದೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

"ಗೋಂದಾ ಇದು?"

"ಅನ್ನ, ಅಜ್ಜಿ."

"ಅನ್ನ ಅಂಟಿರೋ ಮನೆ ಕಣವ್ವ! ಒಳ್ಳೇದಾಯ್ತದೆ. ಏಯ್ ಮುನಿ, ಗುದ್ಲಿ ತಾರೋ!"

ಪುರೋಹಿತರು ಪ್ಲಾನನ್ನು ಕಲಶದ ಪಕ್ಕದಲ್ಲಿಟ್ಟು ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದರು. ಹತ್ತಕ್ಕೆ ಐದು ನಿಮಿಷ ಇರುವಾಗ ಗುದ್ದಲಿ ಬಿತ್ತು. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ತೆರೆದಾಗ ಮುನಿರಾಜು ಅವರ ಹೆಂಡತಿ ಸುಧಾ ಪ್ಲಾನಿನ ಮೇಲೆ ಬಗ್ಗಿ ಏನನ್ನೋ ಹುಡುಕುತ್ತಿದ್ದಳು.

"ಸಾರ್, ನನ್ನ ಉಗ್ರಾಣ ಎಲ್ಲಿ?"

ಉಗ್ರಾಣ ನನ್ನ ಚೀಟಿಯ ಕೆಳಗಿತ್ತು. ದಪ್ಪ ಅಕ್ಷರ ದೇವರ ಮನೆಯನ್ನು ದಾಟಿ, ಗೋಡೆ ಹತ್ತಿ, ಪಕ್ಕದ ಕೋಣೆಯನ್ನೂ ಪೂರ್ತಿ ಆವರಿಸಿಕೊಂಡಿತ್ತು. ನಮ್ಮವರು, "ಅದೇನಿಲ್ಲಮ್ಮ, ಚೀಟಿ ಸ್ವಲ್ಪ ದೊಡ್ಡದಾಯ್ತು ಅಷ್ಟೆ, ಉಗ್ರಾಣ ಅಲ್ಲೇ ಇದೆ" ಎನ್ನುವಷ್ಟರಲ್ಲಿ ಅಜ್ಜಿ ಬಂದು ನೋಡಿದರು. ಮುಖ ಬೆಳಗಿತು.

"ಅಲ್ಲೀಗಂಟ ದೇವ್ರ ಮನೆ ಅಂತ ಬರ್ದೈತೆ, ಪೂಜೆನೂ ಆಗೈತೆ. ಪೂಜೆ ಆದ್ಮೇಲೆ ಪ್ಲಾನು ಬದ್ಲಾಯ್ಸಂಗಿಲ್ಲ. ಅಕ್ಕಿ ಮೂಟೆ ಮಂಚದ ಕೆಳಗಿಟ್ಕಳವ್ವ."

ಸುಧಾ ನನಗೆ ಕುಂಕುಮ ಕೊಡಲು ಬಂದಾಗ ಮೆಲ್ಲಗೆ, "ಆಂಟಿ, ಮುಂದಿನ್ಸಲ ಬರ್ತಾ 'ಅಡುಗೆ ಮನೆ' ಅಂತಾನೂ ಇಷ್ಟೇ ದಪ್ಪಕ್ಕೆ ಬರ್ಕೊಂಡ್ ಬನ್ನಿ" ಎಂದಳು.

ದಾರಿಯುದ್ದಕ್ಕೂ ನಾನು ಸಿಕ್ಕ ಕೃಪೆಗಳನ್ನು ಎಣಿಸಲು ನೋಡಿದೆ. ಮುಹೂರ್ತ ಮೀರಲಿಲ್ಲ. ದಾಯಾದಿಗಳಲ್ಲಿ ಒಬ್ಬರು ಫೋನ್ ನಂಬರು ತೆಗೆದುಕೊಂಡರು. ಆದರೆ ನಡುನಡುವೆ ಮಂಚದ ಕೆಳಗೆ ಬಗ್ಗಿ ಅಕ್ಕಿ ತೆಗೆಯುತ್ತಿರುವ ಸುಧಾಳೇ ಕಣ್ಣಮುಂದೆ ಬರುತ್ತಿದ್ದಳು.

ಮನೆಗೆ ಬಂದ ಕೂಡಲೇ ನಮ್ಮವರು ಕಂಪ್ಯೂಟರ್ ಮುಂದೆ ಕೂತು ಅಜ್ಜಿ ಹೇಳಿದಂತೆ ಉಗ್ರಾಣದ ಗೋಡೆ ಅಳಿಸಿದರು. "ದೇವರ ಮನೆಗೆ ಈಗ ಯಾವ ಅಕ್ಷರ ಹಾಕ್ಲಿ?" ಎಂದು ಕೇಳಿದರು.

"ನಾನು ಇನ್ಮೇಲೆ ಪ್ಲಾನಿನ ವಿಷಯಕ್ಕೆ ಬರಲ್ಲಪ್ಪ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡು ಬಾಗಿಲವರೆಗೂ ಹೋದೆ. ಅಲ್ಲೇ ನಿಂತೆ.

"ರೀ, ಮೆಟ್ಟಿಲ ಕೆಳಗೆ ನಾಲ್ಕಡಿ ಜಾಗ ಇದೆಯಲ್ಲ, ಅಲ್ಲಿ ಉಗ್ರಾಣ ಅಂತ ಬರೆದುಬಿಡಿ."

"ಅಜ್ಜಿ ಓದಿಬಿಟ್ರೆ?"

"ಆ ಉಪವಾಸದ ಅಕ್ಷರ ಇತ್ತಲ್ಲ, ಅದರಲ್ಲಿ ಬರೀರಿ. ಆದಷ್ಟೂ ಚಿಕ್ಕದಾಗಿ. ದೇವರ ಕೆಲಸ."

ಅಷ್ಟು ಹೇಳಿ, ಟೆರೇಸಿನಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಹೋದೆ.