ಏಪ್ರಿಲ್ ತಿಂಗಳ ಮಳೆಗಾಲ

ಈ ವರ್ಷ ಪಂಜದ ಜಲ ಸಮನ್ವಯ ಕಚೇರಿಯ ವ್ಯಾಪ್ತಿಯಲ್ಲಿ ಮಳೆಗಾಲವು ಏಪ್ರಿಲ್ ತಿಂಗಳಲ್ಲಿ, ಸಂಜೆಯ ಚಹಾದ ಬಳಿಕ ಆರಂಭವಾಯಿತು. ಆಕಾಶದಲ್ಲಿ ಮೋಡವಿರಲಿಲ್ಲ. ನಿಯಮದ ಪ್ರಕಾರ ಅದರ ಅಗತ್ಯವೂ ಇಲ್ಲ.

ಆರಂಭಿಸಿದವಳು ಗುತ್ತಿಗೆಯ ಪ್ರೋಗ್ರಾಮರ್ ತನ್ಮಯೀ. ಸಿಬ್ಬಂದಿಗೆ ಕೊಡೆ ಭತ್ಯೆ ಸಿಗುವುದು ಮಳೆಗಾಲದಲ್ಲಿ ಮಾತ್ರ. ಅಷ್ಟು ಕಾಯುವ ವ್ಯವಧಾನ ಮ್ಯಾನೇಜರ್ ಶ್ರೀಕೃಷ್ಣರಿಗಿರಲಿಲ್ಲ. ಅವರ ಆದೇಶದಂತೆ ಆಕೆ ಕಚೇರಿಯ ಸಾಫ್ಟ್‌ವೇರಿನಲ್ಲಿ ಭತ್ಯೆಯ ಲೆಕ್ಕ ಮಾತ್ರ ಹಾಕುವ ತುಣುಕಿನೊಳಗೆ, ಅಂದರೆ ಫಂಕ್ಷನ್ನಿನೊಳಗೆ, ‘ಋತು = ಮಳೆಗಾಲ’ ಎಂದು ಬರೆದಳು. ಬಿಲ್ಲು ತಯಾರಾಯಿತು. ಆದರೆ ಫಂಕ್ಷನ್ನಿನ ಹೊರಗೆ ಬೇಸಿಗೆಯೇ ಇದ್ದುದರಿಂದ ನಗದು ವಿಭಾಗ ಹಣ ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಒಳಗಿನ ಮಳೆ ಹೊರಗೂ ಬರುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?” ಎಂದರು ಶ್ರೀಕೃಷ್ಣರು.

“ಗ್ಲೋಬಲ್ ಅಂತ ಒಂದು ಪದ ಸೇರಿಸಿದ್ರೆ ಆಗ್ತದೆ ಸರ್. ಆದ್ರೆ ಋತು ಎಲ್ಲ ವಿಭಾಗಕ್ಕೂ ಒಂದೇ. ಇಲ್ಲಿ ಬದಲಿಸಿದ್ರೆ ಎಲ್ಲರಿಗೂ ಬದಲಾಗ್ತದೆ.”

“ಎಲ್ಲರಿಗೂ ಒಳ್ಳೇದೇ ಅಲ್ವಾ ಮಾರಾಯ್ತಿ.”

ತನ್ಮಯೀಯ ಗುತ್ತಿಗೆ ನವೀಕರಣಕ್ಕೆ ಅವರ ಸಹಿ ಬಾಕಿ ಇತ್ತು. ಪದ ಸೇರಿತು, ಭತ್ಯೆ ಬಂತು. ಹಿಂದೆಯೇ ರಸ್ತೆಯ ಹೊಂಡ ಮುಚ್ಚುವ ಕೆಲಸ ನಿಂತಿತು, ನೆರೆ ಪರಿಹಾರದ ಕೌಂಟರ್ ತೆರೆಯಿತು, ನೀರಿನ ಟ್ಯಾಂಕರ್ ಶೆಡ್ಡು ಸೇರಿತು.

ಮರುದಿನ ರುಖಿಯಮ್ಮ ಬಂದರು. ಅವರ ಬಾವಿ ಬತ್ತಿತ್ತು. ಮನೆಯಲ್ಲಿ ಸೊಸೆ ಶಹನಾ ಹಸಿ ಬಾಣಂತಿ.

“ಮಗುವನ್ನು ಮೀಯಿಸ್ಲಿಕ್ಕೂ ನೀರಿಲ್ಲ. ಟ್ಯಾಂಕರ್ ಕಳಿಸಿ ಸಾರ್.”

“ಮಳೆಗಾಲದಲ್ಲಿ ಟ್ಯಾಂಕರ್ ಕಳಿಸುವ ಕ್ರಮ ಇಲ್ಲ,” ಎಂದರು ಶ್ರೀಕೃಷ್ಣರು.

“ಮಳೆ ಎಲ್ಲಿ ಉಂಟು?”

“ಕಂಪ್ಯೂಟರಿನಲ್ಲಿ ಉಂಟು.”

ತನ್ಮಯೀಗೆ ನಾಚಿಕೆಯಾಯಿತು. ಬೇಸಿಗೆಯನ್ನು ವಾಪಸ್ ತರಲು ಅನುಮತಿ ಕೇಳಿದಳು. ಸಿಡಿಲಿನ ಅಪಾಯವಿರುವುದರಿಂದ ಮಳೆಗಾಲ ಮುಗಿಯುವ ತನಕ ಸಾಫ್ಟ್‌ವೇರ್ ಮುಟ್ಟಬಾರದೆಂಬ ಸುತ್ತೋಲೆ ಇತ್ತು. ಸಾಫ್ಟ್‌ವೇರ್ ಮುಟ್ಟದೆ ಮಳೆಗಾಲ ಮುಗಿಯುವಂತಿರಲಿಲ್ಲ.

ಆಕೆ ರುಖಿಯಮ್ಮನನ್ನು ಪರಿಹಾರದ ಕೌಂಟರಿಗೆ ಕರೆದೊಯ್ದಳು. “ನೆರೆಯಿಂದ ಬಾವಿ ಹಾಳಾದವರಿಗೆ ನೀರಿನ ಕ್ಯಾನ್ ಕೊಡ್ತಾರೆ. ನಿಮ್ಮ ಬಾವಿಯಲ್ಲಿ ನೀರು ಎಷ್ಟುಂಟು? ಆಲೋಚನೆ ಮಾಡಿ ಹೇಳಿ.”

ರುಖಿಯಮ್ಮ ಆಲೋಚಿಸಿದರು. “ತುಂಬಿ ಒಳಗೆ ಬಂದಿದೆ ಮಗಳೇ. ಸೊಸೆಯ ಮಂಚ ತೇಲ್ತಾ ಉಂಟು.”

ಶ್ರೀಕೃಷ್ಣರು ಮರುಗಿ ಕೂಡಲೇ ಸಹಿ ಹಾಕಿದರು. ಕ್ಯಾನ್‌ಗಳು ರಿಕ್ಷಾ ಸೇರಿದವು. ಸುದ್ದಿ ಹರಡಿ, ಮಧ್ಯಾಹ್ನದೊಳಗೆ ಬಾವಿ ಬತ್ತಿದವರೆಲ್ಲ ನೆರೆ ಸಂತ್ರಸ್ತರಾಗಿ ಸಾಲಿನಲ್ಲಿ ನಿಂತಿದ್ದರು.

ಖಾಲಿ ಕ್ಯಾನ್ ಹಿಂತಿರುಗಿಸಲು ಮತ್ತೆ ಬಂದಿದ್ದ ರುಖಿಯಮ್ಮ ಹೊರಡುವಾಗ ಶ್ರೀಕೃಷ್ಣರು ಕಾಳಜಿಯಿಂದ, “ಅಂಗಳದಲ್ಲಿ ಜಾಗ್ರತೆ, ನೀರು ಜಾಸ್ತಿ ಉಂಟು,” ಎಂದರು.

ರುಖಿಯಮ್ಮ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಆ ಧೂಳಿನ ಅಂಗಳ ದಾಟಿದರು. ಹಿಂದಿದ್ದ ಗಂಡಸರೂ ಪಂಚೆ ಎತ್ತಿ ಕಟ್ಟಿಕೊಂಡರು.