ಸಣ್ಣಪುಟ್ಟ ಬದಲಾವಣೆ

ಉಪ್ಪಿನ ಡಬ್ಬಿಯನ್ನು ಒಂದು ಗೇಣು ಆಚೆ ಸರಿಸಿದರೂ ಪ್ರಕಟಣೆ ಹೊರಡಿಸುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಷ್ಟೇ ಅಲ್ಲ, ನಮ್ಮ ಅಕ್ಕನನ್ನು ಅವರಿಗೇ ಕೊಟ್ಟಿದ್ದೇವೆ! ದಾಸರಹಳ್ಳಿಯ ಅವರ ಮನೆಯ ಫ್ರಿಜ್ಜಿನ ಮೇಲೆ ‘ಇಂದಿನಿಂದ ಉಪ್ಪು ಎಡಗಡೆ, ಸಕ್ಕರೆ ಬಲಗಡೆ. ಚಹಾ ಮಾಡುವವರು ಗಮನಿಸಿ’ ಎಂಬ ಚೀಟಿ ಈಗಲೂ ಇದೆ. ಆ ಮನೆಯಲ್ಲಿ ಚಹಾ ಮಾಡುವವಳು ಅಕ್ಕ ಒಬ್ಬಳೇ.

ಭಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಲ್ಲಿ ಶಿಫ್ಟ್ ಮುಗಿಸಿದವರು ಮೆಷಿನ್ನಿನ ಸಮಾಚಾರವನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳದೆ ಗೇಟು ದಾಟುವಂತಿಲ್ಲ. ಹೇಳಿ ಹೇಳಿ ಅದು ಅವರಿಗೆ ರಕ್ತಗತವಾಗಿದೆ. ಇಂಥವರನ್ನು ನಮ್ಮ ತಂಡಕ್ಕೆ ಸೇರಿಸಿದ ಪಾಪ ನನ್ನದು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶವೊಂದನ್ನು ನಾವು ಹತ್ತಾರು ಜನ ಬಿಡುವಿನಲ್ಲಿ, ಸಂಬಳವಿಲ್ಲದೆ ಕಟ್ಟುತ್ತೇವೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಲೂಬಹುದು. ನಾನು ಮಹದೇವಪುರದ ರೂಮಿನಲ್ಲಿ ಕೂತು ಕೋಡ್ ಬರೆಯುತ್ತೇನೆ. ಏನು ಬದಲಾಯಿತೆಂದು ಬಳಸುವವರಿಗೆ ತಿಳಿಸುವುದು ಭಾವನ ಪಾಲು. ಪ್ರತಿ ಪ್ರಕಟಣೆಯ ಕೊನೆಗೆ ತಮ್ಮ ಫೋನ್ ನಂಬರನ್ನೂ ಹಾಕುತ್ತಾರೆ. ಬೇಡ ಎಂದರೆ ಕೇಳಬೇಕಲ್ಲ!

ನಾನು ಬರೆದುಕೊಟ್ಟ ಟಿಪ್ಪಣಿಯನ್ನು ಅವರು ಮೊದಲು ಮೆಟ್ರೋ ನಿಲ್ದಾಣದ ಕೆಳಗಿನ ಟೀ ಅಂಗಡಿಯವನಿಗೆ ಓದಿ ಹೇಳುತ್ತಾರೆ. ಅವನಿಗೆ ಅರ್ಥವಾದರೆ ಪಾಸು. ಒಮ್ಮೆ ‘ಇನ್‌ಪುಟ್ ಮಾಡ್ಯೂಲ್ ಕ್ರ್ಯಾಶ್ ಆಗುತ್ತಿದ್ದುದನ್ನು ಸರಿಪಡಿಸಲಾಗಿದೆ’ ಎಂದು ಬರೆದಿದ್ದೆ. ಅವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, “ಯಾರಿಗಾದ್ರೂ ಪೆಟ್ಟಾಯ್ತಾ ಸಾರ್?” ಅಂದನಂತೆ. ಟಿಪ್ಪಣಿ ನನಗೇ ವಾಪಸು ಬಂತು.

ಹಾಗಂತ ಭಾವನ ಬರವಣಿಗೆ ಏನು ಕಮ್ಮಿಯೇ? ಪರದೆಯ ಮೂಲೆಯಲ್ಲಿ ‘ಸಹಾಯಕ’ ಎಂಬ ಗುಂಡಿಯೊಂದಿತ್ತು. ಅದನ್ನು ತೆಗೆದುಹಾಕಿದಾಗ, ದಾವಣಗೆರೆ ಕಡೆಯವರಾದ ಭಾವ ಊರಿನ ರೂಢಿಯಂತೆ, ‘ಒಂಬತ್ತು ವರ್ಷ ನಮ್ಮೆಲ್ಲರ ಸೇವೆ ಮಾಡಿದ ಸಹಾಯಕ ನಿನ್ನೆ ಶಿವಾಧೀನನಾದನೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಬರೆದರು. ಎರಡು ದಿನ ಬರೀ ಸಂತಾಪದ ಫೋನುಗಳು! ಗದಗಿನವರೊಬ್ಬರು, ಮಕ್ಕಳೆಷ್ಟು ಎಂದೂ ಕೇಳಿದರು. ನಾನು ನಕ್ಕರೆ ಭಾವನಿಗೆ ಸಿಟ್ಟು.

“ನಗಬ್ಯಾಡ. ಹೋಗಿದ್ದು ಎಲ್ರಿಗೂ ಗೊತ್ತಾತೋ ಇಲ್ಲೋ?”

ಗೊತ್ತಾಗಿತ್ತು, ನಿಜ. ಆದರೆ ಮುಖ ಕಾಣದ ಜನರಿಗಾಗಿ ಈ ಮನುಷ್ಯ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂಬುದು ಮಾತ್ರ ನನಗೆ ಬಗೆಹರಿಯದ ಕುತೂಹಲವಾಗಿತ್ತು. ಬದಲಾದದ್ದು ಬಳಸುವವರಿಗೇ ತಿಳಿಯುವುದಿಲ್ಲವೇ?

ಹೋದ ತಿಂಗಳು ಭಾವ ನೆಂಟರ ಮದುವೆಗೆಂದು ಊರಿಗೆ ಹೋದರು. ಅದೇ ವಾರ ನಾನು ಹಳೆಯ ಟೈಪ್‌ರೈಟರ್ ಕ್ರಮದಲ್ಲಿ ‘ಆ’ಕಾರದ ಕೀಲಿಯನ್ನೂ ಒತ್ತಕ್ಷರದ ಕೀಲಿಯನ್ನೂ ಅದಲುಬದಲು ಮಾಡಿದ್ದೆ. ಬೆರಳಿಗೆ ಹಾಗೇ ಸುಲಭ ಎಂಬುದು ನನ್ನ ಜಾಣತನ. ಆ ಕ್ರಮವನ್ನು ಈಗ ಯಾರು ಬಳಸುತ್ತಾರೆ ಎಂದುಕೊಂಡು, ‘ಸಣ್ಣಪುಟ್ಟ ಬದಲಾವಣೆಗಳು’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡೆ. ಭಾವ ಇಲ್ಲದಿದ್ದರೆ ಕೆಲಸ ಎಷ್ಟು ಹಗುರ!

ಭಾವ ಊರಿಂದ ಬಂದ ಮರುದಿನ ಅವರಿಗೊಂದು ಫೋನ್ ಬಂತು. ಬೈಗುಳವಲ್ಲ. ರಾಜಗೋಪಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿಗಳನ್ನು ಟೈಪ್ ಮಾಡುವ ಹೆಂಗಸೊಬ್ಬರು, ಕನ್ನಡ ಟೈಪಿಂಗ್ ಮೊದಲಿನಿಂದ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರಂತೆ. ಇಪ್ಪತ್ತು ವರ್ಷದಿಂದ ಕೀಲಿಮಣೆಯ ಕಡೆ ಕಣ್ಣು ಹಾಯಿಸದೆ ಟೈಪ್ ಮಾಡಿದವರು! ಭಾವ ನನ್ನನ್ನು ಎಳೆದುಕೊಂಡೇ ಹೋದರು.

ಅಂಗಡಿಯ ಮುಂದೆ ಮೂರು ನಾಲ್ಕು ಜನ ಕಾಯುತ್ತಿದ್ದರು. ಆಕೆ ನಮ್ಮೆದುರೇ ‘ಮಾನ್ಯರೇ’ ಎಂದು ಹೊಡೆದರು. ಪರದೆಯ ಮೇಲೆ ‘ಮ್ನಾಯರೇ’ ಎಂದು ಬಂತು. ತಹಶೀಲ್ದಾರರಿಗೆ ಹೋಗಬೇಕಾದ ಅರ್ಜಿ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆಕೆ ಅಳಿಸಿ, ನಿಧಾನವಾಗಿ ಇನ್ನೊಮ್ಮೆ ಹೊಡೆದರು. ಮತ್ತೆ ಅದೇ ಬಂತು.

“ನಾಲ್ಕು ದಿನದಿಂದ ಹಿಂಗೇ ಸಾರ್. ನಂಗೇ ಏನೋ ಆಗಿದೆ. ನಮ್ಮಮ್ಮನಿಗೂ ಹಿಂಗೇ ಮರೆವು ಶುರುವಾಗಿದ್ದು. ಓನರ್‌ಗೆ ಇನ್ನೂ ಹೇಳಿಲ್ಲ.”

ಉಪ್ಪಿಗೂ ಸಕ್ಕರೆಗೂ ಪ್ರಕಟಣೆ ಹೊರಡಿಸುವ ಭಾವ ನನ್ನ ಕಡೆ ನೋಡಿದರು. ಈ ಸಲ ತಿಳಿಸಬೇಕಾದವನು ನಾನೇ.

“ಅಕ್ಕ, ನಿಮಗೇನೂ ಆಗಿಲ್ಲ. ಕೀಲಿ ಬದಲಾಯಿಸಿದ್ದು ನಾನು. ನಿಮಗೆ ಹೇಳ್ಲಿಲ್ಲ.”

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನಾಚಿಕೆಯಾಯಿತು. ಅಲ್ಲೇ ಕೂತು ಹಳೆಯ ಕೀಲಿಗಳನ್ನು ಮೊದಲಿನ ಜಾಗಕ್ಕೆ ತಂದುಕೊಟ್ಟೆ. ಈ ಸಲ ‘ಮಾನ್ಯರೇ’ ಎಂದೇ ಬಂತು. ಆಕೆ ಕಾಯುತ್ತಿದ್ದವರ ಅರ್ಜಿ ತೆಗೆದುಕೊಂಡರು.

ದಾಸರಹಳ್ಳಿಗೆ ಬಂದು, ಟೀ ಅಂಗಡಿಯ ಮುಂದೆ ನಿಂತೇ ಹೊಸ ಪ್ರಕಟಣೆ ಬರೆದೆ. ಮೊದಲ ಸಾಲು: ‘ನಿಮ್ಮ ಕೈ ಮರೆತಿಲ್ಲ; ಹೇಳಲು ಮರೆತವರು ನಾವು.’ ಭಾವ ಒಂದಕ್ಷರವನ್ನೂ ತಿದ್ದದೆ ಟೀಯವನಿಗೆ ಓದಿ ಹೇಳಿದರು. ಅವನು ಈ ಸಲವೂ ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ.

“ಯಾರಿಗಾದ್ರೂ ಪೆಟ್ಟಾಯ್ತಾ ಸಾರ್?” ಎಂದು ಕೇಳಿದ ಅವನು.

“ಆಗಿತ್ತು ಕಣಪ್ಪ,” ಅಂದೆ ನಾನು. ಪ್ರಕಟಣೆಯ ಕೊನೆಯಲ್ಲಿ ಭಾವನ ನಂಬರಿನ ಪಕ್ಕಕ್ಕೆ ನನ್ನದನ್ನೂ ಹಾಕಿದೆ.